ಕನ್ಸಾಸ್‌ನ ಟಾಲ್‌ಗ್ರಾಸ್ ಪ್ರೇರಿಗೆ ಹೋಗುವವರಿಗೆ: ಯಾವ ತಿಂಗಳು, ಯಾವ ದಾರಿ, ಏನು ಎಚ್ಚರ

ಅಮೆರಿಕದ ಕನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಗುಡ್ಡಗಳಲ್ಲಿರುವ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್ ಎಂಬ ಸಂರಕ್ಷಿತ ಹುಲ್ಲುಗಾವಲಿಗೆ ಬರುವ ಅನೇಕರು ಮೊದಲು ಕೇಳುವ ಪ್ರಶ್ನೆ, ಆಳೆತ್ತರದ ಹುಲ್ಲು ಎಲ್ಲಿದೆ ಎಂದು. ಮೇ ತಿಂಗಳಲ್ಲಿ ಗುಡ್ಡದ ಮೇಲೆ ನಿಂತು ನೋಡಿದರೆ ಹುಲ್ಲು ಮೊಣಕಾಲಿಗೂ ಬರುವುದಿಲ್ಲ. ಅದೇ ಹುಲ್ಲು ಸೆಪ್ಟೆಂಬರ್ ಕೊನೆಗೆ ತೊರೆಯ ಬದಿಯ ತಗ್ಗಿನಲ್ಲಿ ನಿಮ್ಮ ತಲೆ ಮೀರಿ ನಿಂತಿರುತ್ತದೆ. ಹಾಗಾಗಿ ಯಾವ ತಿಂಗಳು, ಯಾವ ನೆಲ ಎಂಬುದನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಹೊರಡಿ. ಉಳಿದ ಸಿದ್ಧತೆಯೆಲ್ಲ ಆಮೇಲಿನದು.

ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಹರಡಿದ್ದ ಈ ಬಗೆಯ ಹುಲ್ಲುಗಾವಲಿನಲ್ಲಿ ಇಂದು ಉಳಿದಿರುವುದು ಶೇ. 4ಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಫ್ಲಿಂಟ್ ಹಿಲ್ಸ್‌ನಲ್ಲೇ ಇದೆ. ಇಲ್ಲಿನ ಸುಣ್ಣಕಲ್ಲಿನ ಪದರಗಳಲ್ಲಿ ಚಕಮಕಿ ಕಲ್ಲು ತುಂಬಿದೆ, ಮೇಲಿನ ಮಣ್ಣು ತೆಳು. ನೇಗಿಲು ಇಳಿಯದ ಕಾರಣ ಈ ನೆಲ ಜೋಳದ ಹೊಲವಾಗದೆ ದನ ಮೇಯುವ ಹುಲ್ಲುಗಾವಲಾಗಿಯೇ ಉಳಿಯಿತು. 1996ರಲ್ಲಿ ಸುಮಾರು 10,900 ಎಕರೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಜಮೀನಿನ ಬಹುಪಾಲು ದಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆಯದು. ಅದರ ಜೊತೆ ಸೇರಿ ನ್ಯಾಷನಲ್ ಪಾರ್ಕ್ ಸರ್ವಿಸ್ ನಿರ್ವಹಣೆ ಮಾಡುತ್ತದೆ.

ತಲುಪುವುದು

ಸ್ಟ್ರಾಂಗ್ ಸಿಟಿ ಎಂಬ ಪುಟ್ಟ ಊರಿನಿಂದ ಕೆ-177 ಹೆದ್ದಾರಿಯಲ್ಲಿ ಉತ್ತರಕ್ಕೆ 2 ಮೈಲಿ. ಕನ್ಸಾಸ್ ಸಿಟಿ ಕಡೆಯ ಕನ್ನಡಿಗರಿಗೆ ಸುಮಾರು ಎರಡು ಗಂಟೆಯ ದಾರಿ, ವಿಚಿಟಾದಿಂದ ಇನ್ನೂ ಹತ್ತಿರ. ಸ್ವಂತ ಅಥವಾ ಬಾಡಿಗೆ ಕಾರು ಬೇಕೇ ಬೇಕು. ಎಂಪೋರಿಯಾ ಕಡೆಯಿಂದ ಬರುವುದಾದರೆ ಪೆಟ್ರೋಲ್, ಊಟದ ಸಾಮಾನು ಎಲ್ಲ ಅಲ್ಲೇ ಮುಗಿಸಿಕೊಳ್ಳಿ. ಮುಂದೆ ಅಂಗಡಿಗಳು ಕಡಿಮೆ, ಮೊಬೈಲ್ ಸಿಗ್ನಲ್ ಕೂಡ ನಂಬುವಂತಿಲ್ಲ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಪ್ರವೇಶಕ್ಕೆ ಶುಲ್ಕವಿಲ್ಲ. ನಡೆದಾಡುವ ದಾರಿಗಳು ದಿನವಿಡೀ ತೆರೆದಿರುತ್ತವೆ, ಆದರೆ ವಿಸಿಟರ್ ಸೆಂಟರ್ ಸಂಜೆಗೆ ಮೊದಲೇ ಬಾಗಿಲು ಹಾಕುತ್ತದೆ. ಕಾಗದದ ನಕ್ಷೆ, ಅಂದು ಯಾವ ದಾರಿ ಮುಚ್ಚಿದೆ ಎಂಬ ಮಾಹಿತಿ, ಕುಡಿಯುವ ನೀರು ಮೂರೂ ಅಲ್ಲಿ ಸಿಗುವುದರಿಂದ ಬೆಳಿಗ್ಗೆಯೇ ಹೋಗುವುದು ಲೇಸು. ಒಳಗೆ ಟೆಂಟ್ ಹಾಕಿ ತಂಗಲು ಅವಕಾಶವಿಲ್ಲ.

ಯಾವ ತಿಂಗಳು ಏನು

ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಕೆಲವು ಗುಡ್ಡಗಳು ಕರಿ ಬಳಿದಂತೆ ಕಾಣುತ್ತವೆ. ಕಾಡ್ಗಿಚ್ಚು ಬಿದ್ದಿದೆ ಎಂದು ಗಾಬರಿಯಾಗಬೇಡಿ. ಸಿಬ್ಬಂದಿಯೇ ಗಾಳಿ, ತೇವ ನೋಡಿ ಹದವರಿತು ಬೆಂಕಿ ಕೊಟ್ಟಿರುತ್ತಾರೆ. ಬೆಂಕಿ ಬೀಳದಿದ್ದರೆ ಕೆಲವೇ ವರ್ಷಗಳಲ್ಲಿ ಸೀಡರ್ ಮತ್ತಿತರ ಮರಗಳು ಎದ್ದು ಹುಲ್ಲನ್ನು ಮುಚ್ಚಿಬಿಡುತ್ತವೆ. ಹುಲ್ಲಿನ ಜೀವ ಇರುವುದು ಬೇರಿನಲ್ಲಿ. ಇಲ್ಲಿನ ಮುಖ್ಯ ಹುಲ್ಲುಗಳಲ್ಲೊಂದಾದ ಬಿಗ್ ಬ್ಲೂಸ್ಟೆಮ್‌ನ ಬೇರು ಮಣ್ಣು ಆಳವಿದ್ದಲ್ಲಿ 10 ಅಡಿಗೂ ಕೆಳಗೆ ಹೋಗುತ್ತದೆ, ಹಾಗಾಗಿ ಸುಟ್ಟ ನೆಲ ಸ್ವಲ್ಪ ದಿನಗಳಲ್ಲೇ ಹಸಿರಾಗುತ್ತದೆ. ಎಲ್ಲ ಕಡೆ ಒಟ್ಟಿಗೆ ಸುಡುವುದಿಲ್ಲ, ತುಂಡು ತುಂಡಾಗಿ ಸುಡುತ್ತಾರೆ. ಹೊಸ ಚಿಗುರಿಗೆ ಬೈಸನ್ (ಅಮೆರಿಕದ ಕಾಡುದನ), ಸಾಕಿದ ದನಗಳು ನುಗ್ಗುತ್ತವೆ. ಸುಡದ ಕಡೆ ಹಳೆ ಹುಲ್ಲು ಉಳಿದು ಹಕ್ಕಿಗಳಿಗೆ ಗೂಡಿನ ಜಾಗವಾಗುತ್ತದೆ. ಬೈಸನ್ ನೋಡಬೇಕೆಂದರೆ ಆ ವರ್ಷ ಸುಟ್ಟ ತುಂಡು ಯಾವುದೆಂದು ವಿಸಿಟರ್ ಸೆಂಟರ್‌ನಲ್ಲಿ ಕೇಳುವುದು ಜಾಣತನ. ಇದೇ ತಿಂಗಳುಗಳಲ್ಲಿ ಬೆಳಗಿನ ಜಾವ ಪ್ರೇರಿ ಚಿಕನ್ ಹಕ್ಕಿಯ ಗಂಡುಗಳು ಕತ್ತಿನ ಚೀಲ ಉಬ್ಬಿಸಿ ಗುಮ್ಮೆನ್ನುವ ಸದ್ದು ಮಾಡುತ್ತವೆ. ಹತ್ತಿರ ಹೋದರೆ ಕುಣಿತ ನಿಲ್ಲಿಸಿ ಹಾರಿಹೋಗುತ್ತವೆ, ದೂರದಿಂದ ಬೈನಾಕ್ಯುಲರ್‌ನಲ್ಲೇ ನೋಡಿ.

ಮೇ, ಜೂನ್ ಹೂವಿನ ಕಾಲ. ಕೆಂಗಿತ್ತಲೆ ಬಣ್ಣದ ಬಟರ್‌ಫ್ಲೈ ಮಿಲ್ಕ್‌ವೀಡ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆ ಹಬ್ಬಿದ ಗುಲಾಬಿ ಚೆಂಡಿನ ಹೂವು ಕಂಡರೆ ಬಗ್ಗಿ ನೋಡಿ, ಅದು ಸೆನ್ಸಿಟಿವ್ ಬ್ರಯರ್. ನಮ್ಮ ಮುಟ್ಟಿದರೆ ಮುನಿ ಗಿಡದ ಕುಲದ್ದೇ. ಎಲೆಗೆ ಬೆರಳು ತಾಗಿಸಿದರೆ ಅದೇ ರೀತಿ ಮಡಚಿಕೊಳ್ಳುತ್ತದೆ. ಕಾಂಡದ ತುಂಬ ಕೊಕ್ಕೆ ಮುಳ್ಳಿದೆ, ಹುಷಾರು.

ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ. ಇಲ್ಲಿ ನೆರಳೇ ಇಲ್ಲವಾದ್ದರಿಂದ ಚಿಕ್ಕ ಮಕ್ಕಳಿದ್ದರೆ ಈ ತಿಂಗಳುಗಳನ್ನು ಬಿಟ್ಟುಬಿಡಿ. ಹೋಗಲೇಬೇಕಾದರೆ ಬೆಳಿಗ್ಗೆ 10ರೊಳಗೆ ನಡಿಗೆ ಮುಗಿಸಿ.

ಎತ್ತರದ ಹುಲ್ಲೇ ಬೇಕೆನ್ನುವವರಿಗೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಒಂದೇ ಸಲ ಹೋಗುವವರಿಗೆ ನಾವು ಹೇಳುವುದು ಇದನ್ನೇ. ಮುಖ್ಯವಾದ ನಾಲ್ಕು ಹುಲ್ಲುಗಳೂ ಆಗ ತೆನೆ ಬಿಟ್ಟಿರುತ್ತವೆ, ಗುರುತಿಸುವುದು ಸುಲಭ. ತುದಿಯಲ್ಲಿ ತೆನೆ ಸಾಮಾನ್ಯವಾಗಿ ಮೂರಾಗಿ ಕವಲೊಡೆದು ಟರ್ಕಿ ಕೋಳಿಯ ಪಾದದಂತೆ ಕಂಡರೆ ಬಿಗ್ ಬ್ಲೂಸ್ಟೆಮ್. ಹೊಂಬಣ್ಣದ ಒಂದೇ ಕುಚ್ಚು ಇಂಡಿಯನ್‌ಗ್ರಾಸ್. ಅಗಲವಾಗಿ ಬಿಡಿಬಿಡಿಯಾಗಿ ಹರಡಿದ ತೆನೆ, ಎಲೆ ಕಾಂಡಕ್ಕೆ ಸೇರುವಲ್ಲಿ ಸಣ್ಣ ಕೂದಲ ಗೊಂಚಲು ಇದ್ದರೆ ಸ್ವಿಚ್‌ಗ್ರಾಸ್. ಗಿಡ್ಡವಾಗಿದ್ದು ತುಕ್ಕುಗೆಂಪಿಗೆ ತಿರುಗಿರುವುದು ಲಿಟಲ್ ಬ್ಲೂಸ್ಟೆಮ್, ಗುಡ್ಡದ ಮೇಲೆ ಕಾಣುವ ಕೆಂಪು ಬಹುಪಾಲು ಇದರದ್ದೇ.

ಯಾವ ದಾರಿ

ಒಟ್ಟು 40 ಮೈಲಿಗೂ ಹೆಚ್ಚು ದಾರಿಗಳಿವೆ. ಒಂದು ದಿನಕ್ಕೆ ಬಂದವರಿಗೆ ಮೂರು ಸಾಕು.

ಬಾಟಮ್‌ಲ್ಯಾಂಡ್ ಟ್ರೇಲ್ ಫಾಕ್ಸ್ ಕ್ರೀಕ್ ಬಳಿಯ ತಗ್ಗಿನಲ್ಲಿದೆ. ಇದರ ಆರಂಭ ಬೇರೆ ಕಡೆ, ವಿಸಿಟರ್ ಸೆಂಟರ್‌ನಿಂದ ಕಾರಿನಲ್ಲಿ ಹೋಗಬೇಕು. ದಾರಿ ಚಿಕ್ಕದು, ಸಮತಟ್ಟು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದವರಿಗೆ ಹೇಳಿ ಮಾಡಿಸಿದ್ದು. ಮಣ್ಣು ಆಳವಿರುವುದರಿಂದ ಆಳೆತ್ತರದ ಹುಲ್ಲು ಸಿಗುವುದು ಇಲ್ಲೇ. ಗುಡ್ಡದ ಮೇಲೆ ಹುಡುಕಿ ನಿರಾಶರಾಗಿ ವಾಪಸಾಗುವವರು ಇದನ್ನು ನೋಡಿಯೇ ಇರುವುದಿಲ್ಲ.

ಸೌತ್‌ವಿಂಡ್ ನೇಚರ್ ಟ್ರೇಲ್ 1.75 ಮೈಲಿ. 1882ರಲ್ಲಿ ಕಟ್ಟಿದ ಒಂದೇ ಕೋಣೆಯ ಕಲ್ಲಿನ ಶಾಲೆಯ ಬಳಿ ಹಾದುಹೋಗುತ್ತದೆ. ಜೊತೆಗೆ 1881ರ ಸ್ಪ್ರಿಂಗ್ ಹಿಲ್ ರಾಂಚ್‌ನ ಸುಣ್ಣಕಲ್ಲಿನ ಮನೆ, ಮೂರು ಅಂತಸ್ತಿನ ಕೊಟ್ಟಿಗೆ ನೋಡಿದರೆ ಅರ್ಧ ದಿನ.

ಸೀನಿಕ್ ಓವರ್‌ಲುಕ್ ಟ್ರೇಲ್ ಹೋಗಿ ಬರಲು 6.4 ಮೈಲಿ, ಅಂದರೆ 10 ಕಿ.ಮೀ. ಮೂರು ಗಂಟೆ ಇಟ್ಟುಕೊಳ್ಳಿ. ತಲೆಗೆ ಕನಿಷ್ಠ 2 ಲೀಟರ್ ನೀರು, ಬೇಸಿಗೆಯಲ್ಲಿ 3. ದಾರಿಯಲ್ಲಿ ನೀರು ಸಿಗುವುದಿಲ್ಲ. ಇದು ಬೈಸನ್ ಇರುವ ವಿಂಡ್‌ಮಿಲ್ ಪಾಸ್ಚರ್ ಎಂಬ ಮೇವಿನ ಬಯಲಿನ ಮೂಲಕವೇ ಸಾಗುತ್ತದೆ, ಅಲ್ಲಿಗೆ ನಾಯಿಯನ್ನು ಕರೆದೊಯ್ಯುವಂತಿಲ್ಲ. ಗೇಟು ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ. ಗುಡುಗು ಕೇಳಿಸಿದ ತಕ್ಷಣ ಹಿಂದಿರುಗಿ. ಬೋಳು ದಿಬ್ಬದ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವುದು ನೀವೇ, ಸಿಡಿಲಿಗೆ ಮರೆಯಿಲ್ಲ.

ಬೈಸನ್

2009ರಲ್ಲಿ ಸೌತ್ ಡಕೋಟಾದ ವಿಂಡ್ ಕೇವ್ ರಾಷ್ಟ್ರೀಯ ಉದ್ಯಾನದಿಂದ 13 ಬೈಸನ್ ತಂದು ಬಿಟ್ಟರು, ಇಂದಿನ ಹಿಂಡು ಬೆಳೆದದ್ದು ಅವುಗಳಿಂದ. ನಮ್ಮಲ್ಲಿ ಕಾಟಿಗೂ ಬೈಸನ್ ಎನ್ನುವ ರೂಢಿಯಿದೆ, ಆದರೆ ಎರಡೂ ಬೇರೆ ಪ್ರಾಣಿ. ನಾಗರಹೊಳೆಯಲ್ಲಿ ಕಾಟಿಯನ್ನು ನೀವು ಜೀಪಿನಿಂದ ನೋಡುತ್ತೀರಿ. ಇಲ್ಲಿ ಬೈಸನ್ ಇರುವ ಬಯಲಲ್ಲೇ ನಡೆಯುತ್ತೀರಿ, ನಡುವೆ ಬೇಲಿ ಇರುವುದಿಲ್ಲ. ದೊಡ್ಡ ಗಂಡು 900 ಕೆ.ಜಿ. ತೂಗಿದರೂ ಗಂಟೆಗೆ 50 ಕಿ.ಮೀ. ಮೀರಿ ಓಡಬಲ್ಲದು. 100 ಮೀಟರಿಗಿಂತ ಹೆಚ್ಚು ದೂರವಿರಿ. ಹಿಂಡು ದಾರಿಗೆ ಅಡ್ಡ ಮಲಗಿದ್ದರೆ ದೂರದಿಂದ ಬಳಸಿ ಹೋಗಿ ಇಲ್ಲವೇ ಹಿಂದಿರುಗಿ, ಎಬ್ಬಿಸಲು ಕೂಗಬೇಡಿ. ಬಾಲ ಮೇಲೆತ್ತಿದರೆ, ಕಾಲಿನಿಂದ ನೆಲ ಕೆರೆದರೆ ಅದು ಸಿಟ್ಟಾಗಿದೆ ಎಂದರ್ಥ. ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ. ಕರು ಹಾಕುವ ಏಪ್ರಿಲ್, ಮೇ ಮತ್ತು ಗಂಡುಗಳು ಕಾದಾಡುವ ಜುಲೈ, ಆಗಸ್ಟ್‌ನಲ್ಲಿ ಅಂತರ ಇನ್ನೂ ಹೆಚ್ಚಿರಲಿ. ಡ್ರೋನ್ ಹಾರಿಸುವುದು ನಿಷಿದ್ಧ. ಹೂವು, ಕಲ್ಲು, ಕೊಂಬಿನ ಚೂರು ಏನನ್ನೂ ಎತ್ತಿಕೊಳ್ಳುವಂತಿಲ್ಲ.

ಉಣುಗು ಮತ್ತು ಚಿಗರ್

ಜನ ಹಗುರವಾಗಿ ತೆಗೆದುಕೊಂಡು ಆಮೇಲೆ ವಾರಗಟ್ಟಲೆ ಪರದಾಡುವುದು ಇದರಿಂದ. ಉಣುಗು ಎಂದರೆ ಏನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಜೀವಿ, ಇಂಗ್ಲಿಷಿನಲ್ಲಿ ಟಿಕ್. ಚಿಗರ್ ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ. ಸಾಕ್ಸ್ ಅಂಚು, ಸೊಂಟದ ಪಟ್ಟಿಯಂತೆ ಬಟ್ಟೆ ಬಿಗಿಯಾಗಿರುವಲ್ಲಿ ಕಚ್ಚುತ್ತದೆ, ತುರಿಕೆ ಶುರುವಾಗುವುದು ಕೆಲವು ಗಂಟೆ ಬಿಟ್ಟು. ಅದು ಚರ್ಮದೊಳಗೆ ಹೊಕ್ಕು ಕೂರುವುದಿಲ್ಲ. ಉಸಿರುಗಟ್ಟಿಸಲೆಂದು ಕೆಲವರು ನೈಲ್ ಪಾಲಿಶ್ ಹಚ್ಚುವುದು ವ್ಯರ್ಥ.

ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿ ಅದರ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ಬಟ್ಟೆಗೆ ಶೇ. 0.5ರ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಪೂರ್ತಿ ಒಣಗಿಸಿ ಧರಿಸಿ. ಇದನ್ನು ಮೈಗೆ ಹಚ್ಚಬಾರದು, ಮೈಗೆ ಹುಳಗಳನ್ನು ದೂರವಿಡುವ ಶೇ. 20ರಿಂದ 30ರ ಡೀಟ್ ಸಾಕು. ಕತ್ತರಿಸಿದ ದಾರಿಯ ನಡುವೆಯೇ ನಡೆಯಿರಿ. ಫೋಟೋಗೆಂದು ಹುಲ್ಲಿನಲ್ಲಿ ಕೂತವರಿಗೇ ಕಡಿತ ಹೆಚ್ಚು.

ವಾಪಸಾದ ಕೂಡಲೇ ಸೋಪು ಹಾಕಿ ಉಜ್ಜಿ ಸ್ನಾನ ಮಾಡಿ. ಮಂಡಿಯ ಹಿಂಭಾಗ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ, ಮಕ್ಕಳ ತಲೆಗೂದಲು ಬಿಡದೆ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಬಟ್ಟೆಯನ್ನು ಮೊದಲು ಡ್ರೈಯರ್‌ನಲ್ಲಿ ಹೆಚ್ಚು ಶಾಖಕ್ಕೆ 10 ನಿಮಿಷ ತಿರುಗಿಸಿ, ಆಮೇಲೆ ಒಗೆಯಿರಿ. ಉಣುಗು ಸಾಯುವುದು ಒಣ ಶಾಖಕ್ಕೆ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ಅಥವಾ ಕೆಂಪು ದದ್ದು ಎದ್ದರೆ ವೈದ್ಯರ ಬಳಿ ಹೋಗಿ, ಹುಲ್ಲುಗಾವಲಿಗೆ ಹೋದ ದಿನಾಂಕವನ್ನು ತಪ್ಪದೆ ಹೇಳಿ.