ಹಳೇ ಬಟ್ಟೆ ದಾನ ಕೊಡೋ ಮುಂಚೆ ಜೇಬು ನೋಡಿ

ಬೀರು ತುಂಬಿ ಬಾಗಿಲು ಹಾಕೋಕೆ ಆಗದಿದ್ದಾಗಲೇ ನಮಗೆ ದಾನದ ನೆನಪಾಗೋದು, ಅಲ್ವಾ? ತಪ್ಪೇನಿಲ್ಲ. ಆದರೆ ಸಾಲ್ವೇಷನ್ ಆರ್ಮಿಯಂಥ (ಬಡವರಿಗೆ ನೆರವಾಗುವ ಕ್ರೈಸ್ತ ಸಂಸ್ಥೆ ಅದು) ಸಂಸ್ಥೆಗೆ ಕೊಟ್ಟಿದ್ದೆಲ್ಲ ಹಾಗೇ ಬಡವರ ಕೈಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ದೇಶಗಳಲ್ಲಿ ಅವರು ಅದನ್ನು ತಮ್ಮ ಅಂಗಡಿಗಳಲ್ಲಿ ಮಾರಿ, ಬಂದ ದುಡ್ಡಲ್ಲಿ ಊಟ, ವಸತಿಯ ಕೆಲಸ ನಡೆಸುತ್ತಾರೆ. ಹಾಗಾಗಿ ಚೀಲಕ್ಕೆ ಹಾಕುವ ಮೊದಲು ಇಷ್ಟು ಕೇಳಿಕೊಳ್ಳಿ: ಇದನ್ನು ಕಾಸು ಕೊಟ್ಟು ಯಾರಾದರೂ ಕೊಳ್ಳುತ್ತಾರಾ?

ಇದು ಹೊಸ ಪದ್ಧತಿಯೇನಲ್ಲ. ವಿಲಿಯಂ ಬೂತ್ ಮತ್ತು ಅವರ ಹೆಂಡತಿ ಕ್ಯಾಥರೀನ್ 1865ರಲ್ಲಿ ಪೂರ್ವ ಲಂಡನ್ನಿನ ಬಡವರ ನಡುವೆ ಕೆಲಸ ಶುರುಮಾಡಿದರು, ಸಾಲ್ವೇಷನ್ ಆರ್ಮಿ ಅನ್ನೋ ಹೆಸರು ಬಂದಿದ್ದು 1878ರಲ್ಲಿ. ಮನೆಮನೆಯಿಂದ ಬೇಡದ ಸಾಮಾನು ತಂದು, ರಿಪೇರಿ ಮಾಡಿ ಮಾರುವ ದಳವೊಂದು ಬೂತ್ 1890ರಲ್ಲಿ ಬರೆದ ಯೋಜನೆಯಲ್ಲೇ ಇತ್ತು, ಅದೂ ಕೆಲಸವಿಲ್ಲದವರಿಗೆ ಕೆಲಸ ಸಿಗಲಿ ಅಂತ. ಆಗ ಹರಿದ ಬೂಟೂ ಯಾರಿಗೋ ಕೂಲಿ. ಈಗ ಹೊಲಿಯುವ ಕೈ ಕಮ್ಮಿ, ಬರುವ ಚೀಲ ಜಾಸ್ತಿ. ಹರಕು ಕೊಟ್ಟರೆ ಅದನ್ನು ಎಸೆಯೋ ಖರ್ಚೂ ಅವರ ತಲೆಗೇ.

ಬಟ್ಟೆ ಒಗೆದು ಪೂರ್ತಿ ಒಣಗಿಸಿ. ಒಂದೇ ಒಂದು ಹಸಿ ಟವೆಲ್ ಸಾಕು, ಕಟ್ಟಿದ ಚೀಲದೊಳಗೆ ಮುಗ್ಗಲು ವಾಸನೆ ಹತ್ತಿ ಮಿಕ್ಕಿದ್ದೂ ಹಾಳು. ಜಿಪ್ ಎಳೆದು ನೋಡಿ. ಜೇಬಿಗೆ ಕೈ ಹಾಕಿ, ಒಳಜೇಬಿಗೂ. ನಾನೊಮ್ಮೆ ಕೋಟಿನ ಜೊತೆ ಮನೆ ಬೀಗದ ಕೈಯನ್ನೂ ದಾನ ಮಾಡಿ ಬಂದವನು! ಶೂಗಳ ಲೇಸನ್ನು ಒಂದಕ್ಕೊಂದು ಕಟ್ಟಿ, ಒಂಟಿ ಶೂ ಯಾರಿಗೂ ಬೇಡ. ಹಾಸಿಗೆ, ಕರೆಂಟಿನ ಸಾಮಾನು ಎಲ್ಲ ಕಡೆ ತಗೊಳ್ಳಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಅಂಗಡಿ ಬಾಗಿಲು ಹಾಕಿದ ಮೇಲೆ ಸುಮ್ನೆ ಹೊರಗೆ ಇಟ್ಟು ಬರಬೇಡಿ, ರಾತ್ರಿ ಮಳೆ ಬಂದರೆ ಬೆಳಿಗ್ಗೆ ಅದು ಕಸ.

ಕೊಡೋಕೆ ಒಳ್ಳೇ ಸಾಮಾನಿಲ್ಲವೇ? ಚಿಲ್ಲರೆ ಕೊಡಿ. 1891ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಾಲ್ವೇಷನ್ ಆರ್ಮಿಯ ಜೋಸೆಫ್ ಮೆಕ್‌ಫೀ ದೋಣಿ ಹತ್ತುವ ಕಡೆ ಒಂದು ಪಾತ್ರೆ ನೇತುಹಾಕಿ ಬಡವರ ಕ್ರಿಸ್‌ಮಸ್ ಊಟಕ್ಕೆ ದುಡ್ಡು ಕೂಡಿಸಿದ್ದು ಹಾಗೆಯೇ. ಇವತ್ತಿಗೂ ಡಿಸೆಂಬರಿನಲ್ಲಿ ಆ ಸಂಸ್ಥೆಯವರು ಕೆಂಪು ಪಾತ್ರೆಯ ಪಕ್ಕ ಗಂಟೆ ಬಾರಿಸುತ್ತಾ ನಿಲ್ಲುವುದು ಅಲ್ಲಿಂದ ಬಂದದ್ದು. ಪ್ರವಾಹ, ಭೂಕಂಪದ ಹೊತ್ತಲ್ಲಂತೂ ದುಡ್ಡೇ ವಾಸಿ, ಬಟ್ಟೆ ಗಂಟು ಬಿಚ್ಚಿ ವಿಂಗಡಿಸೋಕೆ ಅಲ್ಲಿ ಯಾರಿಗೂ ಪುರುಸೊತ್ತಿರಲ್ಲ.