ಜಿಐ ಶೀಟಿನ ಮೇಲೆ ಬಣ್ಣ ನಿಲ್ಲಿಸಿದ್ದು ಹೀಗೆ

ವಿಜಯಪುರದ ನಮ್ಮ ಗೋದಾಮಿನ ಹೊರಗೋಡೆ ಜಿಐ ಶೀಟಿನದು, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು. ಬಳಿದ ಎನಾಮಲ್ (ಎಣ್ಣೆ ಬಣ್ಣ) ಒಂದೇ ಬೇಸಿಗೆಗೆ ಹಾಳೆ ಹಾಳೆಯಾಗಿ ಏಳುತ್ತಿತ್ತು. ರೆಡ್ ಆಕ್ಸೈಡ್ ಪ್ರೈಮರ್, ದುಬಾರಿ ಎನಾಮಲ್, ಜಾಸ್ತಿ ಕೋಟ್, ಯಾವುದೂ ನಿಲ್ಲಲಿಲ್ಲ. ಎಣ್ಣೆ ಬಣ್ಣ ಸತುವಿನ ಜೊತೆ ಸೇರಿ ಅಡಿಯಲ್ಲಿ ಸೋಪಿನಂಥ ಪದರ ಕಟ್ಟುತ್ತದೆ. ಮೇಲೆ ಎಷ್ಟು ಬಳಿದರೂ ದಂಡ ಅಲ್ವಾ?

ಹಳೆ ಬಣ್ಣ ಪೂರ್ತಿ ಕೆರೆದು, ಡಿಟರ್ಜೆಂಟ್ ನೀರಿನಲ್ಲಿ ತೊಳೆಯಿರಿ. ಸತುವಿನ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ನೈಲಾನ್ ಬ್ರಶ್‌ನಿಂದ ಉಜ್ಜಿ. ತಂತಿ ಬ್ರಶ್ ಬೇಡ, ಸತುವೇ ಕಿತ್ತುಬರುತ್ತದೆ. 240 ನಂಬರಿನ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಷ್ಟೇ ತಿಕ್ಕಿ, ಮತ್ತೆ ತೊಳೆದು ಒಣಗಿಸಿ. ಆಮೇಲೆ ಜಿಐಗೆ ಆಗುತ್ತದೆ ಎಂದು ಡಬ್ಬಿಯಲ್ಲೇ ಬರೆದಿರುವ ಎರಡು ಪ್ಯಾಕಿನ (ಎರಡು ಭಾಗ ಬೆರೆಸಿ ಬಳಿಯುವ) ಎಪಾಕ್ಸಿ ಪ್ರೈಮರ್, ಸುಮಾರು 50 ಮೈಕ್ರಾನ್ ದಪ್ಪ. ಮರುದಿನ ಅದರ ಮೇಲೆ ಪಾಲಿಯುರೆಥೇನ್ ಬಣ್ಣ, ಎರಡು ತೆಳು ಕೋಟ್. ಎಪಾಕ್ಸಿಯನ್ನು ಹಾಗೇ ಬಿಸಿಲಿಗೆ ಬಿಟ್ಟರೆ ಪುಡಿಯಾಗುತ್ತದೆ. ಶೀಟು ಕೈಗೆ ಚುರುಗುಟ್ಟುವಾಗ ಬಳಿಯಲೇಬೇಡಿ: ಪಶ್ಚಿಮದ ಗೋಡೆ ಬೆಳಿಗ್ಗೆ, ಪೂರ್ವದ್ದು ಮಧ್ಯಾಹ್ನದ ನಂತರ.