ರಾಜೀನಾಮೆ ಪತ್ರ ಮುಂದಿಟ್ಟರೆ ಪೆನ್ನು ಕೆಳಗಿಡಿ

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಹೊರಗಿನ ವಿಮಾನ ನಿಲ್ದಾಣದಲ್ಲಿ ಲಗೇಜ್ ಲೋಡರ್ ಆಗಿದ್ದ. ಮೊಣಕಾಲಿಗೆ ಏಟು ಬಿದ್ದು ಕುಂಟುವಂತಾಯಿತು. ‘ಇಲ್ಲೊಂದು ಸೈನ್ ಹಾಕಪ್ಪ, ಸೆಟಲ್‌ಮೆಂಟ್ ಬೇಗ ಆಗುತ್ತೆ’ ಅಂದರು ಕಂಪನಿಯವರು. ಹಾಕಿದ. ಊರಿಗೆ ಬಂದಾಗ ಓದಿ ನೋಡಿದರೆ ‘ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಅಂತಿತ್ತು. ಶಿವಮೊಗ್ಗದ ಸೋಗಾನೆಗೆ ವಿಮಾನ ಬಂದಮೇಲೆ ಈ ಲೈನಿನ ಕೆಲಸದ ಆಸೆ ನಮ್ಮಲ್ಲೂ ಜಾಸ್ತಿ. ಅದಕ್ಕೇ, ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ಏನು ಮಾಡಬೇಕು ಅಂತ ಬರೆಯುತ್ತಿದ್ದೇನೆ.

ಹೆಜ್ಜೆ 1: ಪೇ ಸ್ಲಿಪ್ ನೋಡಿ. ನಿಮ್ಮ ಧಣಿ ಯಾರು ಅಂತ ವಿಮಾನದ ಬಾಲದ ಮೇಲಿನ ಹೆಸರು ಹೇಳುವುದಿಲ್ಲ, ಪೇ ಸ್ಲಿಪ್ ಹೇಳುತ್ತದೆ. ಸರ್ಕಾರಿ ಸಂಸ್ಥೆಯಾದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 20ನೇ ಸೆಕ್ಷನ್ ಗಟ್ಟಿಯಾಗಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ತೆಗೆಯುವಂತಿಲ್ಲ, ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಖಾಸಗಿಯವರಿಗೆ ಇದು ನೇರವಾಗಿ ತಾಗುವುದಿಲ್ಲ. 2022ರ ಜನವರಿಯಲ್ಲಿ ಟಾಟಾ ಕೈಗೆ ಹೋದ ಏರ್ ಇಂಡಿಯಾ ಕೂಡ ಈಗ ಖಾಸಗಿಯೇ. ಆದರೂ 20 ಅಥವಾ ಜಾಸ್ತಿ ಜನ ಕೆಲಸ ಮಾಡುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿ ಮಾಡಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಅದರ ಪ್ರತಿ ಕೇಳಿ.

ಹೆಜ್ಜೆ 2: ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಆನ್‌ಲೈನ್ ಅರ್ಜಿ ಹಾಕಿ. ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಅಂಗವೈಕಲ್ಯದ ಪ್ರಮಾಣ ಶೇ 40 ಬರಲಿಲ್ಲ ಅಂತ ಕೈಚೆಲ್ಲಲೂಬೇಡಿ, ಆ ಅಳತೆ ಮೀಸಲಾತಿಯಂಥದ್ದಕ್ಕೆ.

ಹೆಜ್ಜೆ 3: ಬೇರೆ ಕೆಲಸ ಕೊಡಿ ಅಂತ ಕಂಪನಿಗೆ ಪತ್ರ. ಎಲ್ಲರೂ ಎಡವುವುದು ಇಲ್ಲೇ. ನಾಲ್ಕು ಪುಟ ಗೋಳು ಬರೆದು ‘ದಯವಿಟ್ಟು ಕೈಬಿಡಬೇಡಿ’ ಅಂತ ಮುಗಿಸುತ್ತಾರೆ. ಕೇಳಬೇಕಾದ್ದು ಮಾತ್ರ ಅದರಲ್ಲಿ ಇರುವುದೇ ಇಲ್ಲ. ಒಂದೇ ಪುಟ ಸಾಕು. ಏನಾಗಿದೆ ಅಂತ ಎರಡು ಸಾಲು, ಏನು ಮಾಡಬಲ್ಲೆ ಅಂತ ಐದು ಸಾಲು. ಹೀಗೆ: ‘ಭಾರ ಎತ್ತಲು ಆಗುವುದಿಲ್ಲ. ಕೂತು ಮಾಡುವ ಬ್ಯಾಗ್ ಟ್ಯಾಗಿಂಗ್, ಕಳೆದ ಸಾಮಾನಿನ ಕೌಂಟರ್, ರೋಸ್ಟರ್ (ಪಾಳಿ ಪಟ್ಟಿ) ಕೆಲಸ ಮಾಡಬಲ್ಲೆ. ಇವು ಆಗದಿದ್ದರೆ ಕಾರಣ ಬರೆದು ತಿಳಿಸಿ.’ ಆ ಕೊನೆಯ ಸಾಲು ಬಿಡಲೇಬೇಡಿ. ಡಾಕ್ಟರು ಬರೀ ‘ಅನ್‌ಫಿಟ್’ ಅಂತ ಗೀಚಿದರೆ ಒಪ್ಪಬೇಡಿ. ಎಷ್ಟು ಕಿಲೋ ಎತ್ತಬಾರದು, ಎಷ್ಟು ಹೊತ್ತು ನಿಲ್ಲಬಾರದು ಅಂತ ಬರೆಸಿಕೊಳ್ಳಿ. ಗಗನಸಖಿಯರೂ ಅಷ್ಟೇ: ಹಾರಲು ಅನ್‌ಫಿಟ್ ಅಂದರೆ ನೆಲದ ಮೇಲಿನ ಕೆಲಸಕ್ಕೂ ಅನ್‌ಫಿಟ್ ಅಂತ ಅಲ್ವಲ್ಲ!

ಸೈಬರ್ ಸೆಂಟರಿನ ರೆಡಿಮೇಡ್ ಅರ್ಜಿ ಬೇಡವೇ ಬೇಡ. ಪತ್ರದ ಪ್ರತಿಯ ಮೇಲೆ ತಾರೀಖು ಸಮೇತ ಸೀಲ್ ಹಾಕಿಸಿ. ಹಾಕದಿದ್ದರೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟೂ ಮಾಡಿ. ವಾಟ್ಸ್‌ಆ್ಯಪ್ ಒಂದನ್ನೇ ನೆಚ್ಚಬೇಡಿ. ಪೋಸ್ಟಿನ ರಸೀದಿಯನ್ನು ಅವತ್ತೇ ಜೆರಾಕ್ಸ್ ಮಾಡಿಸಿ. ನಮ್ಮ ಮಳೆಗಾಲದ ಥಂಡಿಗೆ ಆ ಅಕ್ಷರ ಬೇಗ ಮಾಸುತ್ತದೆ.

ಹೆಜ್ಜೆ 4: ಉತ್ತರ ಬಾರದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ತಾರತಮ್ಯದ ದೂರನ್ನು 60 ದಿನದಲ್ಲಿ ಮುಗಿಸಬೇಕು ಅಂತ 2017ರ ನಿಯಮವಿದೆ. ಬಾಕಿ ಸಂಬಳಕ್ಕೆ ಕಾರ್ಮಿಕ ಇಲಾಖೆ.

ಈಗಾಗಲೇ ಸೈನ್ ಹಾಕಿಬಿಟ್ಟಿದ್ದೀರಾ? ‘ಒತ್ತಾಯಕ್ಕೆ ಸಹಿ ಹಾಕಿದೆ, ರಾಜೀನಾಮೆ ವಾಪಸ್ ಪಡೆಯುತ್ತಿದ್ದೇನೆ’ ಅಂತ ಇವತ್ತೇ ಇಮೇಲ್ ಕಳಿಸಿ. ಅವರು ಅಂಗೀಕರಿಸುವ ಮೊದಲೇ ಅದು ತಲುಪಬೇಕು. ನಮ್ಮ ಹುಡುಗ ನನ್ನ ಹತ್ತಿರ ಬಂದಿದ್ದು ಮೂರು ವಾರ ಕಳೆದಮೇಲೆ.